ಮಾನವರಹಿತ ವಾಕ್ಯಗಳು

ಪ್ರಿಯ ಲೇಖಕರೇ,

ನಿಮ್ಮ ‘ರಣರಂಗಕ್ಕಿಳಿದ ರೋಬೋ ಪಡೆ’ ತಲುಪಿತು. ಹದಿನಾಲ್ಕು ಪುಟ. ಮೊದಲ ಸಲ ಓದಿ ಮುಗಿಸಿದಾಗ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಉತ್ತರ ಬರೆಯಬಾರದೆಂದು ಒಂದು ವಾರ ಬಿಟ್ಟು ಮತ್ತೆ ಓದಿದೆ. ಸಿಟ್ಟು ಹಾಗೇ ಇದೆ, ಆದರೆ ಯಾತಕ್ಕೆ ಎನ್ನುವುದು ಈಗ ಗೊತ್ತಾಗಿದೆ. ನೀವು ಒಪ್ಪಿದ್ದರಿಂದ, ನಿಮ್ಮ ಹೆಸರು ಬಿಟ್ಟು, ಉತ್ತರವನ್ನು ಇಲ್ಲೇ ಅಚ್ಚು ಹಾಕುತ್ತಿದ್ದೇನೆ. ಡ್ರೋನು, ರೋಬೋ, ಯುದ್ಧ ಅಂತ ಇತ್ತೀಚೆಗೆ ಬರುವ ಲೇಖನಗಳಲ್ಲಿ ಮುಕ್ಕಾಲು ಪಾಲು ಹೀಗೇ ಇರುತ್ತವೆ. ನಿಮ್ಮದು ಸಿಕ್ಕಿಬಿತ್ತು, ಅಷ್ಟೇ.

ಒಳ್ಳೆಯ ಮಾತು ಮೊದಲು ಹೇಳಿ ಮುಗಿಸುತ್ತೇನೆ. ನೀವು ಓದಿಕೊಂಡಿದ್ದೀರಿ. 2020ರ ನಾಗೋರ್ನೊ-ಕರಾಬಾಖ್ ಯುದ್ಧದ ಭಾಗ ಚೆನ್ನಾಗಿದೆ. ಅಜರ್‌ಬೈಜಾನಿನವರು ಹಳೇ ಕಾಲದ ಆನ್-2 ವಿಮಾನಗಳನ್ನು ಪೈಲಟ್ ಇಲ್ಲದೆ ಹಾರಿಬಿಟ್ಟು, ಆರ್ಮೇನಿಯದವರು ಅವಕ್ಕೆ ಗುಂಡು ಹೊಡೆದು ತಮ್ಮ ಜಾಗವನ್ನು ತಾವೇ ತೋರಿಸಿಕೊಳ್ಳುವ ಹಾಗೆ ಮಾಡಿದ್ದನ್ನು ಗೊಂದಲವಿಲ್ಲದೆ ಹೇಳಿದ್ದೀರಿ. ಕಾಗುಣಿತ ತಪ್ಪಿಲ್ಲ. ಆಲ್ಗಾರಿದಮ್‌ಗೆ ಸಂಸ್ಕೃತದಲ್ಲಿ ಒಂದು ಹೆಸರು ಹೊಸೆಯದೆ ಹಾಗೇ ಬಿಟ್ಟಿದ್ದಕ್ಕೆ ಥ್ಯಾಂಕ್ಸ್. ಆಯಿತು.

ಈಗ ಮೂರನೇ ಪುಟಕ್ಕೆ ಬನ್ನಿ.

“ಶತ್ರು ನೆಲೆಗಳನ್ನು ಗುರುತಿಸಲಾಗುತ್ತದೆ. ಗುರಿಯನ್ನು ಖಚಿತಪಡಿಸಿಕೊಳ್ಳಲಾಗುತ್ತದೆ. ಕ್ಷಣಾರ್ಧದಲ್ಲಿ ಡ್ರೋನ್ ತನ್ನ ಬೇಟೆಯ ಮೇಲೆ ಎರಗುತ್ತದೆ. ಗುರಿಯನ್ನು ನಾಶಪಡಿಸಲಾಗುತ್ತದೆ. ಇಡೀ ಪ್ರಕ್ರಿಯೆಯಲ್ಲಿ ಮನುಷ್ಯನ ಹಂಗೇ ಇಲ್ಲ.”

ಐದು ವಾಕ್ಯ. ಮೂರರಲ್ಲಿ ‘ಲಾಗುತ್ತದೆ’. ಉಳಿದ ಎರಡರಲ್ಲಿ ಒಂದರ ಕರ್ತೃ ಡ್ರೋನು, ಇನ್ನೊಂದು ಮನುಷ್ಯನೇ ಇಲ್ಲ ಎನ್ನುತ್ತದೆ. ಇಲ್ಲ ಎಂದು ನೀವು ತೀರ್ಮಾನ ಮಾಡಿದ್ದು ಯುದ್ಧವನ್ನು ನೋಡಿಯೋ, ನಿಮ್ಮದೇ ಮೊದಲ ನಾಲ್ಕು ವಾಕ್ಯಗಳನ್ನು ನೋಡಿಯೋ?

ಒಂದೊಂದಾಗಿ ಕೇಳುತ್ತೇನೆ. ಗುರುತಿಸುವವರು ಯಾರು? ಉಕ್ರೇನಿನಲ್ಲಿ ಎಫ್‌ಪಿವಿ ಡ್ರೋನ್ (ಅದರ ಕ್ಯಾಮೆರಾ ಕಂಡದ್ದನ್ನೇ ಕಾಣುತ್ತ ನಡೆಸುವ ಪುಟ್ಟ ಡ್ರೋನು) ಹಾರಿಸುವುದು ಒಬ್ಬನ ಕೆಲಸವಲ್ಲ. ಮುಂಚೂಣಿಯಿಂದ ಕೆಲವು ಕಿಲೋಮೀಟರ್ ಹಿಂದೆ, ಯಾರೋ ಬಿಟ್ಟುಹೋದ ಮನೆಯ ನೆಲಮಾಳಿಗೆಯಲ್ಲೋ ಮಣ್ಣಿನಲ್ಲಿ ತೋಡಿದ ಗುಂಡಿಯಲ್ಲೋ ಮೂರು ನಾಲ್ಕು ಜನ ಇರುತ್ತಾರೆ. ಕಣ್ಣಿಗೆ ಗಾಗಲ್ಸ್ ಕಟ್ಟಿಕೊಂಡು ಹಾರಿಸುವವನೊಬ್ಬ. ಪಕ್ಕದಲ್ಲಿ ಟ್ಯಾಬ್ಲೆಟ್ಟಿನ ನಕ್ಷೆ ನೋಡುತ್ತ, ಎಡಕ್ಕೆ, ಇನ್ನೂ ಎಡಕ್ಕೆ, ಆ ಮರಗಳ ಸಾಲು ದಾಟು ಎಂದು ದಾರಿ ಹೇಳುವವನೊಬ್ಬ. ಆಕಾಶದಲ್ಲಿ ಇನ್ನೊಂದು ಡ್ರೋನು ನಿಲ್ಲಿಸಿಕೊಂಡು (ಮದುವೆಮನೆಗೆ ವಿಡಿಯೋದವರು ತರುತ್ತಾರಲ್ಲ, ಅದೇ ಮಾವಿಕ್) ಕೆಳಗೆ ಏನು ಅಲುಗಾಡುತ್ತಿದೆ ಎಂದು ನೋಡುವವನೊಬ್ಬ. ಹಾರಿಸುವ ಮುನ್ನ ಹೊರಗೆ ಹೋಗಿ ಸಿಡಿಮದ್ದು ಕಟ್ಟಿ, ವೈರು ಜೋಡಿಸಿ ಬರುವವನೊಬ್ಬ; ಅವನ ಬೆರಳು ತಪ್ಪಿದರೆ ಮೊದಲು ಸಾಯುವವನು ಅವನೇ. ಎದುರಾಳಿಗಳಿಗೂ ಬೇಕಾದವರು ಇವರೇ. ಆಂಟೆನಾ ಎಲ್ಲಿ ಕಾಣುತ್ತದೆ ಎಂದು ಹುಡುಕಿಕೊಂಡು ಬಂದು ಪೈಲಟ್‌ಗಳನ್ನು ಹೊಡೆಯುತ್ತಾರೆ. ನಿಮ್ಮ ಲೇಖನದಲ್ಲಿ ಡ್ರೋನಿನ ಬೆಲೆ ಇದೆ, ಬ್ಯಾಟರಿ ಇದೆ, ವೇಗ ಇದೆ, ತೂಕ ಇದೆ. ಈ ನಾಲ್ಕು ಜನ ಇಲ್ಲ.

‘ಮಾನವರಹಿತ’ ಎನ್ನುವ ಪದವನ್ನು ನೀವು ನಂಬಿಬಿಟ್ಟಿದ್ದೀರಿ. ಲೆಕ್ಕ ಹಾಕಿದೆ, ನಲವತ್ತಮೂರು ಸಲ ಬಂದಿದೆ. ಅಮೆರಿಕದವರು ನೆವಾಡಾದ ಕ್ರೀಚ್ ವಾಯುನೆಲೆಯಲ್ಲಿ ಕೂತು ಅಫ್ಘಾನಿಸ್ತಾನದ ಮೇಲೆ ಪ್ರಿಡೇಟರ್ ಡ್ರೋನ್ ಹಾರಿಸುತ್ತಿದ್ದ ಕಾಲದಲ್ಲಿ, ಒಂದು ಜಾಗದ ಮೇಲೆ ಹಗಲೂ ರಾತ್ರಿ ಕಣ್ಣಿಡಲು ನೂರೈವತ್ತಕ್ಕೂ ಹೆಚ್ಚು ಜನ ಬೇಕು ಎಂದು ಅವರ ವಾಯುಪಡೆಯೇ ಲೆಕ್ಕ ಕೊಟ್ಟಿತ್ತು. ವಿಮಾನದ ಹೊಟ್ಟೆಯೊಳಗೆ ಒಬ್ಬ ಕೂತಿಲ್ಲ, ಅಷ್ಟೇ ವ್ಯತ್ಯಾಸ. ನಾಳೆ ಕೆಎಸ್‌ಆರ್‌ಟಿಸಿ ಡ್ರೈವರು ಡಿಪೋದಲ್ಲೇ ಕೂತು ಬಸ್ಸು ಓಡಿಸಿ ಯಾರ ಮೇಲಾದರೂ ಹತ್ತಿಸಿದರೆ, ಪೊಲೀಸರು ಎಫ್‌ಐಆರ್‌ನಲ್ಲಿ ಡ್ರೈವರ್‌ರಹಿತ ಬಸ್ಸು ಎಂದು ಬರೆದು ಸುಮ್ಮನಾಗುತ್ತಾರೆಯೇ?

ಕನ್ನಡದ ಕ್ರಿಯಾಪದದ ಬಾಲಕ್ಕೆ ಚಾಡಿ ಹೇಳುವ ಚಟ ಇದೆ. ಹೊಡೆದ, ಹೊಡೆದಳು, ಹೊಡೆದರು, ಹೊಡೆಯಿತು. ಕರ್ತೃವನ್ನು ಎಲ್ಲಿ ಬಚ್ಚಿಟ್ಟರೂ ಬಾಲ ಹಿಡಿದು ಎಳೆದರೆ ಆಸಾಮಿ ಹೊರಗೆ ಬರುತ್ತಾನೆ. ಆ ಬಾಲ ಕತ್ತರಿಸಲು ಸರ್ಕಾರಿ ಕಚೇರಿಗಳು ಸಾಕಿಕೊಂಡ ಉಪಾಯ ಈ ‘ಲಾಗಿದೆ’. ಅರ್ಜಿಯನ್ನು ತಿರಸ್ಕರಿಸಲಾಗಿದೆ. ರಸ್ತೆಯನ್ನು ಅಗೆಯಲಾಗಿದೆ. ಅಗೆದವನೂ ಇಲ್ಲ, ಮುಚ್ಚುವವನೂ ಇಲ್ಲ. ಮನೆಯಲ್ಲಿ ಯಾವುದಾದರೂ ಮಗು ಬಂದು “ಅಮ್ಮಾ, ಹಾಲು ಚೆಲ್ಲಲಾಗಿದೆ” ಎಂದದ್ದುಂಟೆ? ಅಂದರೆ ಹಾಲು ಚೆಲ್ಲಿದ್ದಕ್ಕೆ ಒಂದು, ಹಾಗೆ ಮಾತಾಡಿದ್ದಕ್ಕೆ ಇನ್ನೊಂದು ಪೆಟ್ಟು ಬೀಳುತ್ತದೆ.

ಮಗುವಿನ ಮಾತು ಬಂತು, ಅಲ್ಲೇ ಇನ್ನೊಂದು ತೊಡಕಿದೆ. ನಮ್ಮ ವ್ಯಾಕರಣದಲ್ಲಿ ಮಗುವೂ ನಪುಂಸಕ. ಮಗು ಅತ್ತಿತು, ಮಗು ನಕ್ಕಿತು. ಡ್ರೋನು ಬಂದಿತು, ಮಗು ಸತ್ತಿತು. ಎರಡಕ್ಕೂ ಒಂದೇ ಬಾಲ. ಹೊಡೆದದ್ದು ಮತ್ತು ಸತ್ತದ್ದು ಒಂದೇ ಜಾತಿಗೆ ಸೇರಿದಂತೆ ಕೇಳುತ್ತದೆ. ಯುದ್ಧದ ಬಗ್ಗೆ ಕನ್ನಡದಲ್ಲಿ ಬರೆಯುವವರು ಈ ಗುಂಡಿಯನ್ನು ನೋಡಿಕೊಂಡು ಕಾಲಿಡಬೇಕು. ನೀವು ನೋಡದೆ ಇಟ್ಟಿದ್ದೀರಿ. ಆರನೇ ಪುಟ:

“2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ತಪ್ಪು ಗುರಿಯ ಮೇಲೆ ದಾಳಿ ನಡೆದು ಹತ್ತು ಜೀವಗಳು ಬಲಿಯಾದವು. ತಂತ್ರಜ್ಞಾನದ ಮಿತಿಗೆ ಇದೊಂದು ನಿದರ್ಶನ.”

ನನಗೆ ಸಿಟ್ಟು ಬಂದದ್ದು ಇಲ್ಲಿ. ‘ದಾಳಿ ನಡೆದು’. ದಾಳಿ ತಾನಾಗಿ ನಡೆಯುವುದಕ್ಕೆ ಅದೇನು ಸೋನೆಮಳೆಯೇ? ‘ಹತ್ತು ಜೀವಗಳು’. ಹತ್ತರಲ್ಲಿ ಏಳು ಮಕ್ಕಳು, ಅದನ್ನು ಹೇಳಿಲ್ಲ. ಇನ್ನು ‘ತಂತ್ರಜ್ಞಾನದ ಮಿತಿ’. ತಂತ್ರಜ್ಞಾನ ಅವತ್ತು ಎಲ್ಲಿ ಸೋತಿತು, ತೋರಿಸಿ ನೋಡೋಣ. ಅಮೆರಿಕದ್ದೇ ನೆರವು ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮನುಷ್ಯ ಬಿಳೀ ಟೊಯೋಟಾ ಕೊರೋಲಾ ಕಾರಿನಲ್ಲಿ ಊರೆಲ್ಲ ಓಡಾಡಿದ. ಕಚೇರಿಯಲ್ಲಿ ಕ್ಯಾನುಗಳಿಗೆ ನೀರು ತುಂಬಿಸಿಕೊಂಡ, ಮನೆಗೆ ಒಯ್ಯಲು. ಸುಮಾರು ಎಂಟು ಗಂಟೆ ಹೊತ್ತು ಅಮೆರಿಕದ ಸೇನೆಯವರು ಡ್ರೋನಿನ ಕಣ್ಣಲ್ಲಿ ಅವನ ಬೆನ್ನು ಬಿಡದೆ ನೋಡಿದರು. ಕ್ಯಾಮೆರಾ ಕೈಕೊಡಲಿಲ್ಲ, ಸಿಗ್ನಲ್ ಕಡಿಯಲಿಲ್ಲ. ಕಾರು, ಕ್ಯಾನು, ಕ್ಯಾನು ಎತ್ತಿಡುವ ಕೈ, ಎಲ್ಲವನ್ನೂ ಯಂತ್ರ ಇದ್ದಂತೆ ತೋರಿಸಿತು. ನೀರಿನ ಕ್ಯಾನನ್ನು ಸ್ಫೋಟಕ ಎಂದು ಓದಿದವರು ಪರದೆಯ ಮುಂದೆ ಕೂತಿದ್ದ ಮನುಷ್ಯರು. ಕಾರು ಮನೆಯ ಅಂಗಳಕ್ಕೆ ಬಂದು ನಿಂತಾಗ ಹೆಲ್‌ಫೈರ್ ಕ್ಷಿಪಣಿ ಬಿಟ್ಟವರೂ ಮನುಷ್ಯರು. ಸರಿಯಾದ ದಾಳಿಯೇ ಎಂದು ಮೊದಲು ಸಮರ್ಥಿಸಿಕೊಂಡರು, ಸೆಪ್ಟೆಂಬರ್ 17ಕ್ಕೆ ತಪ್ಪಾಯಿತು ಎಂದು ಒಪ್ಪಿಕೊಂಡರು, ಡಿಸೆಂಬರಿನಲ್ಲಿ ಯಾರನ್ನೂ ಶಿಕ್ಷಿಸುವುದಿಲ್ಲ ಎಂದು ತೀರ್ಮಾನಿಸಿದರು. ‘ತಂತ್ರಜ್ಞಾನದ ಮಿತಿ’ ಎಂದು ನೀವು ಬರೆದರೆ ಆ ತೀರ್ಮಾನಕ್ಕೆ ನಿಮ್ಮೂರು ಚಿತ್ರದುರ್ಗದ ಕಡೆಯಿಂದ ಒಂದು ಸಹಿ ಬಿದ್ದ ಹಾಗೆ.

ಇಷ್ಟು ಜೋರು ಮಾಡುವ ಯೋಗ್ಯತೆ ನನಗೆ ಎಲ್ಲಿಂದ ಬಂತು ಎಂದು ಕೇಳಬಹುದು. ಇದೇ ತಪ್ಪನ್ನು ನಾನು ಸಾವಿರಾರು ಪ್ರತಿ ಅಚ್ಚು ಹಾಕಿಸಿ ಊರೂರಿಗೆ ಹಂಚಿದ್ದೇನೆ.

1991ರ ಜನವರಿ. ಉತ್ತರ ಕರ್ನಾಟಕದ ಪತ್ರಿಕೆಯೊಂದರ ಡೆಸ್ಕಿಗೆ ಟ್ರೇನಿಯಾಗಿ ಸೇರಿ ಎರಡು ತಿಂಗಳೂ ಆಗಿರಲಿಲ್ಲ, ಕೊಲ್ಲಿ ಯುದ್ಧ ಶುರುವಾಯಿತು. ನನಗೆ ನೈಟ್ ಶಿಫ್ಟ್. ಟೆಲಿಪ್ರಿಂಟರ್ ಕಕ್ಕುತ್ತಿದ್ದ ಇಂಗ್ಲಿಷ್ ಸುದ್ದಿಯನ್ನು ಹರಿದು ತಂದು, ನ್ಯೂಸ್‌ಪ್ರಿಂಟ್ ತುಂಡುಗಳ ಮೇಲೆ ಕನ್ನಡಕ್ಕೆ ಇಳಿಸಬೇಕು. ‘ಸ್ಮಾರ್ಟ್ ಬಾಂಬ್’ ಅಂತ ಬಂತು. ನಾನು ‘ಜಾಣ ಬಾಂಬು’ ಎಂದು ಬರೆದು ಹೆಡ್ಡಿಂಗಿಗೇ ಹಾಕಿದೆ. ಮಾರನೇ ದಿನ ಚಹಾದಂಗಡಿಯಲ್ಲಿ ಯಾರೋ ಅದನ್ನು ಜೋರಾಗಿ ಓದಿ, “ಏನ್ ಶಬ್ದ ಹಾಕ್ಯಾರೋ ಇವ್ರು” ಎಂದರು. ಆ ಖುಷಿಗೆ ಇನ್ನೊಂದು ಸಿಂಗಲ್ ಚಹಾ ಕುಡಿದೆ. ಅಲ್ಲಿಂದ ಮುಂದೆ ನನ್ನ ಕಾಪಿಯಲ್ಲೆಲ್ಲ ಬಾಂಬುಗಳು ಜಾಣತನದಿಂದ ಹೋಗುತ್ತಿದ್ದವು, ನಿಖರವಾಗಿ ಬೀಳುತ್ತಿದ್ದವು. ಎಲ್ಲೂ ಯಾರೂ ಹಾಕುತ್ತಿರಲಿಲ್ಲ.

ಫೆಬ್ರವರಿ 13ರ ರಾತ್ರಿ ಅಮಿರಿಯಾದ ಸುದ್ದಿ ನನ್ನ ಟೇಬಲ್ಲಿಗೆ ಬಂತು. ಬಾಗ್ದಾದಿನ ಆ ಆಶ್ರಯತಾಣದಲ್ಲಿ ಮಲಗಿದ್ದವರ ಮೇಲೆ ಅವತ್ತು ಬೆಳಗಿನ ಜಾವ ಲೇಸರ್ ದಾರಿ ತೋರಿಸುವ ಎರಡು ಬಾಂಬು ಹಾಕಿದ್ದರು. ಸತ್ತವರು 400ಕ್ಕೂ ಹೆಚ್ಚು ಎಂದು ಆಮೇಲೆ ಗೊತ್ತಾಯಿತು. ನಾನು ಬರೆದದ್ದು ಹೀಗೆ: “ಬಾಗ್ದಾದ್‌ನ ಆಶ್ರಯತಾಣವೊಂದರ ಮೇಲೆ ಬಾಂಬ್ ದಾಳಿ ನಡೆಸಲಾಗಿದ್ದು, ನೂರಾರು ನಾಗರಿಕರು ಸಾವನ್ನಪ್ಪಿದ್ದಾರೆ ಎನ್ನಲಾಗಿದೆ.”

ನಮ್ಮ ಚೀಫ್ ಸಬ್ ಎಡಿಟರ್ ಧಾರವಾಡದ ಕಡೆಯವರು. ಎಲೆ ಅಡಿಕೆ ಹಾಕಿಕೊಂಡು ಅರ್ಧ ಮಾತು ಕಣ್ಣಲ್ಲೇ ಆಡುವ ಮನುಷ್ಯ. ಕಾಪಿಯನ್ನು ಲೈಟಿನ ಕೆಳಗೆ ಹಿಡಿದು, ಕೆಂಪು ಪೆನ್ಸಿಲ್ಲಿನಿಂದ ಎರಡು ಕಡೆ ಸುತ್ತು ಹಾಕಿದರು. ಎದ್ದು ಹೋಗಿ ಕಿಟಕಿಯಾಚೆ ಉಗುಳಿ ಬಂದರು.

“ನಡೆಸಲಾಗಿದ್ದು ಅಂದ್ರ? ಯಾರ ನಡಿಸಿದ್ರು?”

“ಅಮೆರಿಕದವ್ರು ಸರ್.”

“ಎನ್ನಲಾಗಿದೆ ಅಂದ್ರ? ಯಾರ ಅಂದ್ರು?”

ಸುಮ್ಮನಿದ್ದೆ. ಅವರು ಕಾಪಿಯನ್ನು ನನ್ನ ಕೈಗೆ ಕೊಡುತ್ತ, “ಮತ್ತ ನಿನ್ನ ಜಾಣ ಬಾಂಬು ಎಲ್ಲಿ ಹೋತೋ ತಮ್ಮಾ? ಇವತ್ತ ಹೆಡ್ಡಿಂಗಿನ್ಯಾಗ ಕಾಣವಲ್ದು?” ಅಂದರು.

ಅವತ್ತು ಬಿದ್ದದ್ದೂ ಅದೇ ಜಾಣ ಬಾಂಬು. ಒಂದು ತಿಂಗಳು ಅದರ ಜಾಣತನವನ್ನು ಕೊಂಡಾಡಿದವನು, ಮಕ್ಕಳ ಮೇಲೆ ಬಿದ್ದ ದಿನ ಬರೀ ‘ಬಾಂಬ್ ದಾಳಿ’ ಮಾಡಿಬಿಟ್ಟಿದ್ದೆ. ನನ್ನ ಕೈ ಅದನ್ನು ನನಗೇ ಗೊತ್ತಾಗದ ಹಾಗೆ ಮಾಡಿತ್ತು. (ನೋಡಿ, ಈಗಲೂ ‘ನನ್ನ ಕೈ ಮಾಡಿತ್ತು’ ಎನ್ನುತ್ತಿದ್ದೇನೆ. ಮಾಡಿದವನು ನಾನು.) ಮೂರು ಸಲ ತಿದ್ದಿ ಬರೆದೆ. “ಅಮೆರಿಕದ ವಿಮಾನಗಳು” ಎಂದಿದ್ದನ್ನೂ ಹೊಡೆದು ಹಾಕಿದರು. ಕೊನೆಗೆ ಹೋದದ್ದು: “ಬಾಗ್ದಾದಿನ ಆಶ್ರಯತಾಣದಲ್ಲಿ ಮಲಗಿದ್ದ ನೂರಾರು ಜನರನ್ನು ಅಮೆರಿಕದ ಪೈಲಟ್‌ಗಳು ಬಾಂಬು ಹಾಕಿ ಕೊಂದರು.” ಅವರು ಓದಿ, “ಈಗ ಓದಾಕ ಆಗೂದಿಲ್ಲ ನೋಡು. ಕಳಸು” ಎಂದರು. ಅದು ಹೊಗಳಿಕೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮರುದಿನ ಸಂಪಾದಕರು ಕರೆದು ಬೈದರು, ಅದನ್ನೂ ಹೇಳಿಬಿಡುತ್ತೇನೆ. ಅದು ಸೇನೆಯ ಕಮಾಂಡ್ ಕೇಂದ್ರ ಎಂದು ಅಮೆರಿಕದವರು ಹೇಳಿದ್ದನ್ನು ಆ ಗಲಾಟೆಯಲ್ಲಿ ನಾನು ಬಿಟ್ಟೇಬಿಟ್ಟಿದ್ದೆ. ಬೈದದ್ದು ಸರಿ. ಯಾರು ಹೊಡೆದರು ಎಂದು ಬರೆದ ಮೇಲೆ ಅವರು ಏನು ಹೇಳಿದರು ಎಂಬುದನ್ನೂ ಬರೆಯಬೇಕು.

ಹತ್ತನೇ ಪುಟದಲ್ಲಿ ಇನ್ನೊಂದು ವಾಕ್ಯಕ್ಕೆ ಪೆನ್ಸಿಲ್ ನಿಂತಿತು: “2025ರ ಜುಲೈನಲ್ಲಿ, ಇತಿಹಾಸದಲ್ಲೇ ಮೊದಲ ಬಾರಿಗೆ, ಮನುಷ್ಯರು ಯಂತ್ರಕ್ಕೆ ಶರಣಾದರು.” ಖಾರ್ಕಿವ್ ಕಡೆ ರಷ್ಯದ ಸೈನಿಕರು ನೆಲದ ಮೇಲೆ ಓಡುವ ತನ್ನ ರೋಬೋಗಳಿಗೆ, ಡ್ರೋನುಗಳಿಗೆ ಶರಣಾದರು ಎಂದು ಉಕ್ರೇನಿನ ಮೂರನೇ ದಾಳಿ ಬ್ರಿಗೇಡ್ ಹೇಳಿಕೊಂಡದ್ದು ನಿಜ. ‘ಇತಿಹಾಸದಲ್ಲೇ ಮೊದಲ ಬಾರಿಗೆ’ ಎನ್ನುವುದು ಟಿವಿಯವರ ಸರಕು, ಅವರಿಗೇ ಬಿಡಿ. 1991ರಲ್ಲೇ, ನಾನು ಜಾಣ ಬಾಂಬು ಹೊಸೆಯುತ್ತಿದ್ದ ಅದೇ ಯುದ್ಧದಲ್ಲಿ, ಕುವೈತಿನ ಫೈಲಾಕಾ ದ್ವೀಪದಲ್ಲಿ ಇರಾಕಿ ಸೈನಿಕರು ಪಯೋನಿಯರ್ ಎಂಬ ಡ್ರೋನಿಗೆ ಬಿಳೀ ಬಟ್ಟೆ ಬೀಸಿದ್ದರು. ವಿಸ್ಕಾನ್ಸಿನ್ ಎಂಬ ಅಮೆರಿಕದ ಯುದ್ಧನೌಕೆಯಿಂದ ಹಾರಿಸಿದ ಪುಟ್ಟ ವಿಮಾನ ಅದು. ಈಗ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಆ ಸುದ್ದಿ ಆಗ ನನ್ನ ಟೆಲಿಪ್ರಿಂಟರಿಗೆ ಬಂದಿತ್ತೋ, ಸಣ್ಣದೆಂದು ಹರಿದು ಬುಟ್ಟಿಗೆ ಹಾಕಿದೆನೋ ನೆನಪಿಲ್ಲ. ಓದಿದ್ದು ಎಷ್ಟೋ ವರ್ಷದ ಮೇಲೆ.

ಆ ಇರಾಕಿಗಳನ್ನು ಸ್ವಲ್ಪ ಯೋಚಿಸಿ. ಸ್ವಲ್ಪ ಹೊತ್ತಿಗೆ ಮುಂಚೆ ಮಿಸೌರಿ ನೌಕೆಯವರು ಅವರ ಕಂದಕಗಳ ಮೇಲೆ 16 ಇಂಚಿನ ಗುಂಡು ಸುರಿದಿದ್ದರು. ಈ ಗುಂಯ್‌ಗುಟ್ಟುವ ವಸ್ತು ತಲೆಯ ಮೇಲೆ ಸುತ್ತಿತೆಂದರೆ ಹಿಂದೆಯೇ ಗುಂಡು ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹಾಗಾಗಿ ಕೈಗೆ ಸಿಕ್ಕ ಬಟ್ಟೆ ಎತ್ತಿ ಬೀಸಿದರು. ಯಾರಿಗೆ ಬೀಸಿದರು? ಒಳಗೆ ಯಾರೂ ಇಲ್ಲದ ವಿಮಾನಕ್ಕೆ ಶರಣಾಗಿ ಪ್ರಯೋಜನವೇನು? ಅದರ ಕಣ್ಣಿನಾಚೆ ಹಡಗಿನಲ್ಲಿ ಒಬ್ಬ ಕೂತಿದ್ದಾನೆ, ನೋಡುತ್ತಿದ್ದಾನೆ, ಅವನು ಬೇಕೆಂದರೆ ನಿಲ್ಲಿಸಬಲ್ಲ ಎಂದು ಲೆಕ್ಕ ಹಾಕಿದರು. ಕಂದಕದಲ್ಲಿ ನಡುಗುತ್ತಿದ್ದವರಿಗೆ ಹೊಳೆದದ್ದು ಬೆಂಗಳೂರಿನ ಟೇಬಲ್ ಮುಂದೆ ಕೂತ ನಿಮಗೆ ಹೊಳೆಯಲಿಲ್ಲ.

ನಿಮ್ಮ ಉತ್ತರ ನನಗೆ ಈಗಲೇ ಕೇಳಿಸುತ್ತಿದೆ: ಸ್ವತಂತ್ರವಾಗಿ ಗುರಿ ಆರಿಸುವ ಯಂತ್ರಗಳ ಕಥೆ ಏನು ಸಾರ್, ಅಲ್ಲಿಯೂ ಮನುಷ್ಯ ಇದ್ದಾನಾ? ನೀವೇ ಎತ್ತಿಕೊಂಡ ಉದಾಹರಣೆ ನೋಡೋಣ. ಲಿಬಿಯಾದ ಬಗ್ಗೆ 2021ರಲ್ಲಿ ಬಂದ ವಿಶ್ವಸಂಸ್ಥೆಯ ತಜ್ಞರ ವರದಿ, ಟರ್ಕಿಯ ಕಾರ್ಗು-2 ಡ್ರೋನ್. ಆಪರೇಟರ್ ಜೊತೆ ಸಂಪರ್ಕ ಇಲ್ಲದೆಯೂ ದಾಳಿ ಮಾಡುವಂತೆ ಅದನ್ನು ಪ್ರೋಗ್ರಾಮ್ ಮಾಡಲಾಗಿತ್ತು ಎನ್ನುತ್ತದೆ ವರದಿ. ಅದರಿಂದ ಯಾರಾದರೂ ಸತ್ತರೇ ಎಂದು ವರದಿ ಹೇಳುವುದಿಲ್ಲ, ನೀವು ಮಾತ್ರ ಸಾಯಿಸಿದ್ದೀರಿ. ಆ ಸಾಲು ತೆಗೆಯಿರಿ. ಮತ್ತೆ, ‘ಮಾಡಲಾಗಿತ್ತು’ ಅಂತೆ! ಮಾಡಿದವರು ಯಾರು, ಮಾಡಿಸಿದವರು ಯಾರು, ಕೊಂಡು ತಂದು ಬಿಟ್ಟವರು ಯಾರು? ಸಿಗ್ನಲ್ ಕಡಿದ ಮೇಲೂ ಕೊನೆಯ ಕೆಲವು ನೂರು ಮೀಟರ್ ತಾನೇ ದಾರಿ ಹಿಡಿದು ಹೋಗುವ ಡ್ರೋನುಗಳು ಈಗ ಉಕ್ರೇನ್ ಯುದ್ಧದ ಎರಡೂ ಕಡೆಯವರ ಬಳಿ ಇವೆ. ಅವುಗಳ ಬಗ್ಗೆ ಬರೆಯುವಾಗ ಕರ್ತೃ ದೂರ ಹೋಗುತ್ತಾನೆ, ಒಬ್ಬನಿದ್ದವನು ಹತ್ತು ಜನ ಆಗುತ್ತಾನೆ, ವಾಕ್ಯ ಉದ್ದವಾಗುತ್ತದೆ, ಕೆಲವೊಮ್ಮೆ ಕುಂಟುತ್ತದೆ. ಕುಂಟಲಿ. ನಾನು ಅಚ್ಚು ಹಾಕುತ್ತೇನೆ.

‘ನಿಶ್ಶಬ್ದವಾಗಿ ಬಂದೆರಗುವ ಯಮದೂತ’ ಎಂದು ರಷ್ಯದವರು ಉಕ್ರೇನಿನ ಮೇಲೆ ಬಿಡುವ ಶಾಹೆದ್-136 ಡ್ರೋನಿನ ಬಗ್ಗೆ ಬರೆದಿದ್ದೀರಿ. ನಿಶ್ಶಬ್ದವಂತೆ! ಹಿಂದೆ ಫ್ಯಾನು ಕಟ್ಟಿಕೊಂಡು ಗಂಟೆಗೆ 180 ಕಿ.ಮೀ. ಆಸುಪಾಸಿನಲ್ಲಿ ಬಡಬಡಿಸುತ್ತ ಹೋಗುವ ಅದನ್ನು ಉಕ್ರೇನಿನ ಜನ ‘ಮೊಪೆಡ್’ ಎಂದೇ ಕರೆಯುತ್ತಾರೆ. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು, ಮನೆಯ ಮೇಲೆ ಒಂದು ಲೂನಾ ಹತ್ತಿರ ಬರುವುದನ್ನು ಕೇಳುತ್ತ, ಸದ್ದು ದಾಟಿ ಹೋಗುತ್ತದೋ ನಿಲ್ಲುತ್ತದೋ ಎಂದು ಕಾಯುವುದು ಹೇಗಿರುತ್ತದೆ? ಯಮದೂತನನ್ನು ಕಳಿಸಿಬಿಡಿ, ಲೂನಾ ಇರಲಿ.

ಇನ್ನು ಹನ್ನೆರಡನೇ ಪುಟ. “ಚಿತ್ರದುರ್ಗ ಜಿಲ್ಲೆಯ ಪರೀಕ್ಷಾ ವಲಯದಲ್ಲಿ ತಪಸ್ ವಿಮಾನದ ಹಾರಾಟ ಪರೀಕ್ಷೆಗಳನ್ನು ಕೈಗೊಳ್ಳಲಾಗಿದ್ದು, 2023ರಲ್ಲಿ ಒಂದು ವಿಮಾನ ಪತನಗೊಂಡಿತು.” ಒಂದು ವಾಕ್ಯ. (ತಪಸ್ ಎಂದರೆ ನಮ್ಮ ಡಿಆರ್‌ಡಿಒದವರು ಮಾಡಿದ ಡ್ರೋನು.) ಅದರ ಹಿಂದಿನ ಪ್ಯಾರಾ ಜಿನೀವಾದ ಸಭೆಗಳು, ಮುಂದಿನದು ಅಮೆರಿಕದ ಬಜೆಟ್ಟು. ನಿಮ್ಮೂರು ಚಳ್ಳಕೆರೆಯ ಕಡೆ ಎಂದು ಮೇಲ್‌ನಲ್ಲಿ ಬರೆದಿದ್ದೀರಿ. ಆ ವಿಮಾನ ಬಿದ್ದದ್ದು ಆಗಸ್ಟ್ 20ರಂದು, ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ. ನೋಡಲು ಊರಿಗೆ ಊರೇ ಸೇರಿತ್ತು. ಹೊಲದವರಿಗೆ ಬೆಳೆ ಏನಿತ್ತು? ಸದ್ದು ಮೊದಲು ಕೇಳಿದವರು ಯಾರು, ಅದನ್ನು ಏನೆಂದುಕೊಂಡರು? ಅಮೃತಮಹಲ್ ಕಾವಲು, ಅಂದರೆ ಅಲ್ಲಿನ ಹುಲ್ಲುಗಾವಲು, ಪರೀಕ್ಷಾ ವಲಯದ ಬೇಲಿಯೊಳಗೆ ಸೇರಿದ್ದರ ಜಗಳ ಹಸಿರು ನ್ಯಾಯಾಧಿಕರಣದವರೆಗೂ ಹೋಗಿತ್ತಲ್ಲ, ಅಲ್ಲಿ ಕುರಿ ಮೇಯಿಸುತ್ತಿದ್ದವರು ಈಗ ತಲೆಯೆತ್ತಿ ಏನು ನೋಡುತ್ತಾರೆ? ಇದನ್ನೆಲ್ಲ ಉಕ್ರೇನಿಗೆ ಹೋಗಿ ಕೇಳಬೇಕಾಗಿಲ್ಲ. ಚಳ್ಳಕೆರೆಯಿಂದ ಹಿರಿಯೂರಿಗೆ ಬಸ್ಸಿದೆ.

ಉಳಿದ ಪುಟಗಳ ಬಗ್ಗೆ ನನಗೆ ತಕರಾರಿಲ್ಲ, ಅಭಿಪ್ರಾಯವೂ ಇಲ್ಲ. ಪೆನ್ಸಿಲ್ ಗುರುತು ಹಾಕಿದ ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ. ‘ಲಾಗಿದೆ’ ಇರುವಲ್ಲೆಲ್ಲ ಒಂದೊಂದು ಸುತ್ತು ಇದೆ, ಅರವತ್ತೆಂಟು. ಪ್ರತಿ ಸುತ್ತಿನ ಪಕ್ಕ ಯಾರು ಎಂದು ಬರೆಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ. ಹದಿನಾಲ್ಕು ಪುಟ ಆರಕ್ಕೆ ಇಳಿದರೂ ಪರವಾಗಿಲ್ಲ, ದೀಪಾವಳಿಗೆ ಮೊದಲು ಬಂದರೆ ಮುಂದಿನ ಸಂಚಿಕೆಗೆ ಆಗುತ್ತದೆ. ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಬೇಡಿ, ಯೂನಿಕೋಡಿನಲ್ಲೇ ಕಳಿಸಿ. ನಿಮ್ಮ ಫೈಲನ್ನು ಬದಲಾಯಿಸುವಾಗ ಅರ್ಕಾವತ್ತೆಲ್ಲ ಒಡೆದು, ಅದನ್ನು ಸರಿಪಡಿಸಲು ನಮ್ಮ ಹುಡುಗಿ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದಳು.

ಇಂತು,
ಸಂಪಾದಕ